ಬೀಸಣಿಗೆ ಹಿಡಿದು ವಕೀಲರನ್ನು ಆರಿಸಿದ್ದು

ನಮ್ಮ ಹಾಸ್ಟೆಲ್ ರೂಮಿಗೆ ಒಂದು ಬೀಸಣಿಗೆ ಬಂದಿದೆ. ಈಚಲು ಗರಿಯದ್ದು, ಅಂಚಿಗೆ ಹಳೇ ಸೀರೆಯ ಕೆಂಪು ಪಟ್ಟಿ ಹೊಲಿದಿದ್ದಾರೆ. ತಂದವನು ನನ್ನ ರೂಮಿನ ತಿಪ್ಪೇಶ. ಅವನದು ಜಗಳೂರು ಕಡೆಯ ಊರು. ಅಲ್ಲಿಯ ಬಿಸಿಲಿನ ಮುಂದೆ ಚನ್ನಗಿರಿಯ ಬಿಸಿಲು ಬೆಳದಿಂಗಳು ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಾನೆ. ಹೇಳುವಾಗಲೂ ಬೀಸಿಕೊಳ್ಳುತ್ತಲೇ ಇರುತ್ತಾನೆ.

ನಾನು ಮಾತ್ರ ಅದನ್ನು ಮುಟ್ಟುವುದಿಲ್ಲ. ಅವನ ರೆಕಾರ್ಡ್ ಬುಕ್ಕಿನಲ್ಲಿ ಕಪ್ಪೆಯ ಹೊಟ್ಟೆ ಬಗೆದ ಚಿತ್ರ ಬರೆದುಕೊಡುತ್ತೇನೆ, ಕ್ಲಾಸಿನಲ್ಲಿ ಅವನ ಹಾಜರಿ ಕೂಗುತ್ತೇನೆ, ಅವನ ಪಾಲಿನ ಮುದ್ದೆಯನ್ನೂ ಬೇಕಾದರೆ ತಿಂದುಕೊಡುತ್ತೇನೆ. ಆದರೆ ಬೀಸಣಿಗೆ ಹಿಡಿ ಎಂದರೆ ಕೈ ಹಿಂದಕ್ಕೆ ಹೋಗುತ್ತದೆ.

"ಒಂದೀಟು ಗಾಳಿ ಹಾಕೋ ಅಂದ್ರೆ ನಿನ್ ಕೈ ಸವ್ದು ಹೋಗ್ತೈತೇನೋ?" ಎಂದು ತಿಪ್ಪೇಶ ಕೇಳಿದ.

"ನಮ್ಮ ವಂಶದಾಗೆ ಯಾರೂ ಬೀಸಣಿಗೆ ಹಿಡಿಯಾಂಗಿಲ್ಲ, ಶಾಪ ಐತೆ" ಎಂದೆ. ಅವನು ನಂಬಿದ. ನಾನು ಹೇಳಿದರೆ ನಂಬುವವರು ಇನ್ನೂ ಇದ್ದಾರೆ, ಚನ್ನಗಿರಿಯಲ್ಲಿ. ನಮ್ಮ ಕಡೆ ಈಗ ಯಾರೂ ಇಲ್ಲ. ಅದೇ ಈ ಬರಹದ ಸಂಗತಿ.

ಹೋದ ವಾರ ತಿಪ್ಪೇಶನ ಅಪ್ಪ ಬಂದರು. ಹೆಗಲ ಮೇಲೆ ಕರೀ ಕಂಬಳಿ, ಕೈಯಲ್ಲಿ ಹುರಿದ ಶೇಂಗಾದ ಚೀಲ. ಬಂದವರು ಮಗನ ಅಂಕಪಟ್ಟಿ ಕೇಳಲಿಲ್ಲ, ನನ್ನನ್ನು ಕೇಳಿದರು. ಯಾಕೆಂದರೆ ನಾನು ಈ ಹಾಸ್ಟೆಲಿಗೆ ಸೇರಿದ ಮೊದಲನೇ ದಿನವೇ, ಹದಿನಾರನೇ ವಯಸ್ಸಿಗೆ ಹೊನ್ನಾಳಿ ಕೋರ್ಟಿನಲ್ಲಿ ಕೇಸು ಗೆದ್ದವನು ಎಂದು ಸಾರಿಬಿಟ್ಟಿದ್ದೆ. ಒಂದು ದಿಕ್ಕಿನಿಂದ ನೋಡಿದರೆ ಅದು ನಿಜ. ಆ ದಿಕ್ಕಿನಿಂದ ಮಾತ್ರ ನೋಡಬೇಕು.

ಅವರಿಗೂ ಅವರ ಅಣ್ಣನಿಗೂ ಕುರಿ ಹಟ್ಟಿಯ ಜಾಗದ ತಕರಾರು. ಕಂಬಳಿ ಹಾಸಿ ಕೂತು ಹೇಳಿದರು: "ಕುರಿ ಆರ್ಸಾದು ನಂಗೆ ಗೊತ್ತೈತಪ್ಪ. ಹಲ್ಲು ನೋಡ್ತೀವಿ, ಬೆನ್ನು ಹಿಡ್ದು ನೋಡ್ತೀವಿ, ನಾಲ್ಕು ಹೆಜ್ಜೆ ನಡಿಸಿ ನೋಡ್ತೀವಿ. ವಕೀಲ್ರನ್ನ ಆರ್ಸಾಕೆ ಏನು ನೋಡ್ಬೇಕು? ನೀನು ಎಲ್ಲಾ ಕಂಡೋನಂತಲ್ಲ, ಹೇಳು."

ತಿಪ್ಪೇಶ ಗೋಡೆಗೆ ಒರಗಿ ಬೀಸಿಕೊಳ್ಳುತ್ತ, ಇನ್ನು ಎರಡು ಗಂಟೆ ಪುರಾಣ ಎಂಬ ಮುಖ ಮಾಡಿಕೊಂಡು ತಯಾರಾದ.

"ಬೆಳಿಗ್ಗೆ ಹೇಳ್ತೀನಿ ಯಜಮಾನ್ರೆ" ಎಂದೆ.

ಅವತ್ತು ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಮೊದಲೇ ಒಂದು ಮಾತು: ನಾನು ಹೇಳುವುದರಲ್ಲಿ ರೂಪಾಯಿಗೆ ಎಂಟಾಣೆ ಕಳೆದುಕೊಂಡು ಓದಿ. ಎಲ್ಲಿಂದ ಕಳೆಯಬೇಕಾಗಿಲ್ಲವೋ ಅಲ್ಲಿ ನಿಮಗೇ ಗೊತ್ತಾಗುತ್ತದೆ.

ನಮ್ಮೂರಲ್ಲಿ ಹೈಸ್ಕೂಲು ಇರಲಿಲ್ಲ. ಅದಕ್ಕೆ ನನ್ನನ್ನು ಸಾಸ್ವೆಹಳ್ಳಿ ಹತ್ತಿರದ ಊರಿನಲ್ಲಿ ಚಿಕ್ಕವ್ವನ ಮನೆಯಲ್ಲಿ ಬಿಟ್ಟಿದ್ದರು. ಚಿಕ್ಕವ್ವ ಎಂದರೆ ನಮ್ಮಮ್ಮನ ತಂಗಿ. ಅವಳಿಗೆ ಮಕ್ಕಳಿರಲಿಲ್ಲ, ಚಿಕ್ಕಪ್ಪ ತೀರಿಕೊಂಡಿದ್ದರು. ಪಕ್ಕದ ಮನೆಯೇ ದೊಡ್ಡವ್ವನದು. ದೊಡ್ಡವ್ವ ಮೂವರು ಅಕ್ಕತಂಗಿಯರಲ್ಲಿ ಹಿರಿಯಳು. ಅವಳು ಆ ಮನೆಗೆ ಮೊದಲು ಸೊಸೆಯಾಗಿ ಹೋಗಿ, ಹತ್ತು ವರ್ಷದ ಮೇಲೆ ಹಟ ಮಾಡಿ ತನ್ನ ಮೈದುನನಿಗೇ ತಂಗಿಯನ್ನು ತಂದುಕೊಂಡಿದ್ದಳು. ಆಮೇಲೆ ಅಣ್ಣತಮ್ಮಂದಿರು ಪಾಲಾದರು, ಹಿತ್ತಿಲ ನಡುವೆ ಎದೆಮಟ್ಟದ ಮಣ್ಣಿನ ಗೋಡೆ ಎದ್ದಿತು. ಅಕ್ಕತಂಗಿಯರು ಮಾತ್ರ ಪಾಲಾಗಲಿಲ್ಲ. ಗೋಡೆಯ ಮೇಲಿಂದ ಸಾರಿನ ಬಟ್ಟಲು ಆ ಕಡೆ ಈ ಕಡೆ ಎಷ್ಟು ಸಲ ದಾಟುತ್ತಿತ್ತೆಂದರೆ, ಬಟ್ಟಲು ಇಟ್ಟು ಇಟ್ಟು ಗೋಡೆಯ ಮೇಲೊಂದು ಗುಂಡಿಯೇ ಬಿದ್ದಿತ್ತು. ಇದರಲ್ಲಿ ಎಂಟಾಣೆ ಕಳೆಯಬೇಡಿ, ಗುಂಡಿ ಇತ್ತು.

ಚಿಕ್ಕಪ್ಪ ತೀರಿಕೊಂಡ ವರ್ಷ ದೊಡ್ಡಪ್ಪ ಬಾವಿಗೆ ಹೋಗುವ ದಾರಿಗೆ ಜಾಲಿಮುಳ್ಳಿನ ಬೇಲಿ ಹಾಕಿದರು. ಬಾವಿ ಇಬ್ಬರದೂ. ದಾರಿ ಮಾತ್ರ ಅವರ ಹೊಲದಲ್ಲಿ ಹಾಯುತ್ತಿತ್ತು, ನೂರಾ ಹತ್ತು ಹೆಜ್ಜೆ. "ಅಲ್ಲಿ ದಾರೀನೇ ಇರ್ಲಿಲ್ಲ, ಏನೋ ಸಣ್ಣ ತಮ್ಮ ಅಂತ ಬಿಟ್ಟಿದ್ದೆ" ಎಂಬುದು ದೊಡ್ಡಪ್ಪನ ವಾದ. ಚಿಕ್ಕವ್ವ ಕೊಡ ಹೊತ್ತು ಕೆರೆ ಏರಿ ಸುತ್ತಿ ಬರತೊಡಗಿದಳು. ದೊಡ್ಡವ್ವ ಗಂಡನಿಗೆ ಎದುರಾಡುವವಳಲ್ಲ. ಅವರು ಹೊಲಕ್ಕೆ ಹೋದಾಗ ತಾನೇ ಎರಡು ಕೊಡ ಸೇದಿ ಗೋಡೆಯ ಮೇಲಿಂದ ದಾಟಿಸುತ್ತಿದ್ದಳು.

ಹೀಗೇ ನಡೆದಿದ್ದರೆ ನಡೆಯುತ್ತಿತ್ತು. ಆದರೆ ಊರಿನವರು ಬಿಡಬೇಕಲ್ಲ. ಬಸ್ ನಿಲ್ದಾಣದ ಚಾ ಅಂಗಡಿಯ ಸಿದ್ಲಿಂಗಣ್ಣ ಚಿಕ್ಕವ್ವನನ್ನು ಕರೆದು, ಕೇಸು ಹಾಕು ಎಂದ. ಅವನು ತನ್ನ ಬದುಕಿನಲ್ಲಿ ಮೂರು ಕೇಸು ಆಡಿ ಮೂರನ್ನೂ ಸೋತವನು. ಆದ್ದರಿಂದ ಕಾನೂನಿನಲ್ಲಿ ಊರಿಗೇ ಪಂಡಿತ.

"ಸೋತೋನ್ನೇ ಕೇಳ್ಬೇಕವ್ವ. ಗೆದ್ದೋನಿಗೆ ವಕೀಲ್ರು ಮರ್ತೋಗಿರ್ತಾರೆ" ಎಂದು ಅವನು ಶುರು ಮಾಡಿದ. "ಮೊದ್ಲು ಕೋಟು ನೋಡು. ಹೊಸ ಕೋಟು ಇದ್ರೆ ಕೇಸಿಲ್ದೋನು. ತೀರಾ ಬೆಳ್ಳಗಾಗಿದ್ರೆ ಕೇಸು ಜಾಸ್ತಿ, ನಿನ್ನ ಹೆಸ್ರೇ ನೆನಪಿಡಾಂಗಿಲ್ಲ. ನಡಾ ಮಧ್ಯದ ಬಣ್ಣ ಇರ್ಬೇಕು. ಆಮ್ಯಾಕೆ ಗಂಟ್ಲು. ಜಡ್ಜಿಗೆ ಕಿವಿ ಕೇಳ್ಸುತ್ತೋ ಇಲ್ವೋ, ರಸ್ತೆ ಆಕಡೆ ಹೋಟ್ಲಿಗೆ ಕೇಳ್ಬೇಕು."

"ಕಾನೂನು ಗೊತ್ತಿರ್ಬೇಕಲ್ಲಣ್ಣ?" ಎಂದಳು ಚಿಕ್ಕವ್ವ.

"ಅದು ಪುಸ್ತಕದಾಗೆ ಇರ್ತೈತೆ ಬಿಡು."

ಅವತ್ತು ಅಂಗಡಿಯಲ್ಲಿ ಕೆರೆಬಿಳಚಿಯ ಅಡಿಕೆ ವ್ಯಾಪಾರಿಯೊಬ್ಬರು ಚಾ ಕುಡಿಯುತ್ತಿದ್ದರು. ಅವರು ಬಸಿ ಕೆಳಗಿಟ್ಟು, "ಅದೆಲ್ಲ ಅಲ್ರಿ. ಹೋದ್ಸಲ ನಿಮ್ಮನ್ನ ಯಾವ ವಕೀಲ ಸೋಲ್ಸಿದ್ನೋ ಈ ಸಲ ಅವ್ನನ್ನೇ ಹಿಡೀರಿ" ಎಂದರು. ಸಿದ್ಲಿಂಗಣ್ಣ ಕೂಡಲೇ, "ಹಂಗೇ ಮಾಡ್ದೆ ಸಾಹೇಬ್ರೆ, ಎರಡನೇ ಕೇಸು ಸೋತಿದ್ದು ಹಂಗೇ" ಎಂದ.

ಮನೆಯಲ್ಲಿ ಓದಿದ ಗಂಡಸು ಎಂದರೆ ನಾನೊಬ್ಬನೇ. ವಯಸ್ಸು ಹದಿನೈದು, ಒಂಬತ್ತನೇ ಕ್ಲಾಸು, ಮೀಸೆ ಇನ್ನೂ ಅರ್ಜಿ ಹಾಕಿರಲಿಲ್ಲ. ಆದರೂ ವಕೀಲರನ್ನು ನೋಡಿ ಬರುವ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ಚಿಕ್ಕವ್ವನನ್ನು ಕರೆದುಕೊಂಡು ಹೊರಟೆ. ಅವಳು ನನ್ನನ್ನು ಕರೆದುಕೊಂಡು ಹೊರಟಳು ಎನ್ನುವವರೂ ಇದ್ದಾರೆ.

ಮೊದಲು ಹೋದದ್ದು ನ್ಯಾಮತಿಗೆ. ಅಲ್ಲೊಬ್ಬ ವಯಸ್ಸಾದ ವಕೀಲರಿದ್ದರು. ಮನೆಯ ಜಗಲಿಯೇ ಆಫೀಸು. ಕೋಟು ಗೂಟಕ್ಕೆ ನೇತಾಡುತ್ತಿತ್ತು, ಬಣ್ಣ ಯಾವ ಕಾಲದಲ್ಲೋ ಊರು ಬಿಟ್ಟಿತ್ತು. ದನಿಯಂತೂ ನಮ್ಮಿಬ್ಬರಿಗೆ ಮಾತ್ರ ಸಾಲುವಷ್ಟು, ಮೂರನೆಯವರಿದ್ದರೆ ಸಾಲುತ್ತಿರಲಿಲ್ಲ. ಅವರು ಚಿಕ್ಕವ್ವನ ಮಾತನ್ನು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: "ನಿಮ್ಮಕ್ಕನ್ನ ನೀವು ಬಾಯಿಬಿಟ್ಟು ಕೇಳಿದೀರೇನಮ್ಮ, ಬೇಲಿ ತೆಗೀರಿ ಅಂತ?"

"ಅವ್ಳನ್ನೇನು ಕೇಳಾದು ಸ್ವಾಮಿ. ಅವ್ಳ ಕೈಲಿ ಏನೈತೆ?"

"ಕೇಸು ಹಾಕಾದು ಒಂದಿನದ ಕೆಲ್ಸ. ಅದಕ್ಕೂ ಮೊದ್ಲು ಒಂದ್ಸಲ ಅವ್ರನ್ನೂ ಅವ್ರ ಯಜಮಾನ್ರನ್ನೂ ಕರ್ಕಂಡು ಬರ್ರಿ. ಇಲ್ಲೇ ಕೂತು ಚಾ ಕುಡಿಯಾನ."

ನನಗೆ ಮೈಯೆಲ್ಲ ಉರಿಯಿತು. ವೈರಿಗೆ ಚಾ ಕೊಡುವ ವಕೀಲರು ಎಲ್ಲಿಯಾದರೂ ಉಂಟೇ? ಸಪ್ಪಗಾದ ಸಭೆಗೆ ಸ್ವಲ್ಪ ಕಳೆ ಕಟ್ಟೋಣ ಎಂದು, ಚಿಕ್ಕವ್ವ ಹಿತ್ತಿಲಿಗೆ ಹೋದಾಗ, ದೊಡ್ಡವ್ವನ ಕಥೆ ಹೇಳಿದೆ.

ಆ ಕಥೆಯನ್ನು ಚಿಕ್ಕವ್ವ ನನಗೆ ಒಮ್ಮೆ ಅಕ್ಕಿ ಕೇರುತ್ತ ಹೇಳಿದ್ದಳು, ನಾಲ್ಕು ಮಾತಿನಲ್ಲಿ. ದೊಡ್ಡವ್ವ ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ನೀರಿಗೆಂದು ತಾಮ್ರದ ಕೊಡ ಹೊತ್ತು ಹೋದವಳು, ಬಾವಿ ದಾರಿಯಲ್ಲಿ ಹಾಗೇ ನಡೆದು ಮೂರು ಹರದಾರಿ ದೂರದ ತವರಿಗೆ ಹೋಗಿಬಿಟ್ಟಳಂತೆ. ದಾರಿಯಲ್ಲಿ ಒಬ್ಬ ಬಳೆಗಾರ ಜೊತೆಯಾದನಂತೆ. ಮಾರನೇ ದಿನ ತಾತ ಹೋಗಿ ಬಿಟ್ಟು ಬಂದರಂತೆ. ಇಷ್ಟೇ. ಇಷ್ಟನ್ನು ಇಷ್ಟಕ್ಕೇ ಬಿಡುವುದಕ್ಕೆ ನಾನೇನು ಸಂತನೇ? ನನ್ನ ಕೈಗೆ ಬಂದ ಮೇಲೆ ಬಳೆಗಾರನಿಗೆ ವಯಸ್ಸು ಇಪ್ಪತ್ತೈದಾಯಿತು, ಗುಂಗುರು ಕೂದಲು ಬಂತು, ಗೆಜ್ಜೆ ಕಟ್ಟಿದ ಎತ್ತಿನ ಗಾಡಿ ಬಂತು. ಅವನು ದೊಡ್ಡವ್ವನಿಗೆ ಎರಡು ಕೈ ತುಂಬ, ಮೊಣಕೈವರೆಗೆ, ಪುಕ್ಕಟೆ ಬಳೆ ತೊಡಿಸಿದ. ತವರಿನವರೆಗೆ ಜಣಜಣ ಸದ್ದು.

ನ್ಯಾಮತಿ ವಕೀಲರು ನಗಲಿಲ್ಲ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಇದ್ರಾಗೆ ನಡೆದಿದ್ದೆಷ್ಟು, ನಿಂದೆಷ್ಟು?" ಎಂದರು.

"ಎಲ್ಲಾ ನಡೆದಿದ್ದೇ ಸಾರ್."

"ಇನ್ನೆಲ್ಲೂ ಇದನ್ನ ಹೇಳಬ್ಯಾಡ ಮಗ" ಎಂದು ಕಾಗದ ಎತ್ತಿಟ್ಟರು. ಆ ಕ್ಷಣವೇ ಅವರು ನನ್ನ ಲೆಕ್ಕದಲ್ಲಿ ಫೇಲಾದರು.

ಮಾರನೇ ದಿನ ಹೊನ್ನಾಳಿ. ಅಲ್ಲಿಯ ವಕೀಲರ ಆಫೀಸು ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಮೆಟ್ಟಿಲ ಕೆಳಗೆ ಬುಲೆಟ್ ಮೋಟಾರು ಸೈಕಲ್ಲು, ಕೋಟು ನಡು ಮಧ್ಯದ ಬಣ್ಣ, ಗೋಡೆ ತುಂಬ ಕೆಂಪು ಬೆನ್ನಿನ ಪುಸ್ತಕ. ಅವರು "ಬನ್ನಿ" ಎಂದದ್ದಕ್ಕೆ ಕೆಳಗಿನ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದವರು ಮೇಲೆ ಬಂದರು. ಚಿಕ್ಕವ್ವ ಇನ್ನೂ ಅರ್ಧ ಹೇಳುವಷ್ಟರಲ್ಲಿ ಮೇಜು ಕುಟ್ಟಿ, "ಗೆದ್ದಾಯಿತು, ಮನೆಗೆ ಹೋಗಿ" ಎಂದರು. ಫೀಸಿನ ಲೆಕ್ಕ ಹೇಳಲು ಗುಮಾಸ್ತ ಚಿಕ್ಕವ್ವನನ್ನು ಆಚೆ ಕರೆದಾಗ, ನಾನು ಅದೇ ಕಥೆಯನ್ನು, ನ್ಯಾಮತಿಯದಕ್ಕಿಂತ ಸ್ವಲ್ಪ ಸಿಂಗರಿಸಿ, ಹೇಳಿದೆ.

ಅವರು ನಕ್ಕರು. ಎಂಥ ನಗು ಅಂತೀರಿ. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು, "ಇನ್ನೊಂದ್ಸಲ ಹೇಳಪ್ಪ, ಕೊಡ ತಲೆ ಮ್ಯಾಲೇ ಇತ್ತಾ?" ಎಂದು ಕೇಳಿ ಕೇಳಿ ನಕ್ಕರು. ನನ್ನ ಬೆನ್ನು ತಟ್ಟಿ, "ನೀನು ಲಾಯರಾಗಬೇಕು ಕಣಯ್ಯ" ಎಂದರು. ಅಲ್ಲಿಯವರೆಗೆ ನನ್ನ ಕಥೆಗೆ ಅಷ್ಟು ನಕ್ಕವರು ಯಾರೂ ಇರಲಿಲ್ಲ. ನನಗೆ ಅವರೇ ಬೇಕು ಎನಿಸಿಬಿಟ್ಟಿತು. ಚಿಕ್ಕವ್ವನಿಗೆ ಯಾರು ಬೇಕು ಎಂಬ ಯೋಚನೆ ಆ ಮಹಡಿಯ ಮೇಲೆ ಒಮ್ಮೆಯೂ ಬರಲಿಲ್ಲ.

ಆದರೆ ಚಿಕ್ಕವ್ವನಿಗೆ ನ್ಯಾಮತಿಯವರ ಮೇಲೆ ಮನಸ್ಸು. "ಅವ್ರು ನನ್ನ ಮಾತು ಪೂರಾ ಕೇಳಿದ್ರು ಕಣೋ" ಎಂದಳು. "ಇವ್ರಿಗೆ ಗಂಟ್ಲು ಐತೆ ಚಿಕ್ಕವ್ವ" ಎಂದೆ. ಎರಡು ದಿನ ವಾದ. ಕೊನೆಗೆ ಅವಳು, "ಅಮ್ಮನ್ನೇ ಕೇಳಾನ, ಹೂವು ಕೊಡ್ತಾಳೆ" ಎಂದಳು.

ನಮ್ಮ ಕಡೆ ಹೆಣ್ಣು ನೋಡಬೇಕಾದರೂ ಎತ್ತು ಕೊಳ್ಳಬೇಕಾದರೂ ದೇವಿಯ ಹತ್ತಿರ ಹೂವು ಕೇಳುವುದುಂಟು. ಪೂಜಾರಪ್ಪ ಎರಡು ಹೂವನ್ನು ನೀರಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೆ ಅಂಟಿಸುತ್ತಾನೆ. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ಅವಳ ಮಾತು. ಬಲಕ್ಕೆ ಹೊನ್ನಾಳಿ, ಎಡಕ್ಕೆ ನ್ಯಾಮತಿ ಎಂದು ಚಿಕ್ಕವ್ವ ಬೇಡಿಕೊಂಡು ಕಣ್ಣು ಮುಚ್ಚಿದಳು. ಏಪ್ರಿಲ್ ತಿಂಗಳು. ಗುಡಿಯೊಳಗೆ ಪೂಜಾರಪ್ಪ ಬೆವರಿ ಕರಗಿ ಅರ್ಧ ಆಗಿದ್ದ.

"ತಮ್ಮಾ, ಆ ಬೀಸಣಿಗೆ ತಗಂಡು ಒಂದೀಟು ಗಾಳಿ ಹಾಕೋ" ಎಂದ.

ಹಾಕಿದೆ. ಹತ್ತು ನಿಮಿಷ ಎರಡು ಹೂವೂ ಅಲುಗಲಿಲ್ಲ. ಆಮೇಲೆ ನೋಡುತ್ತೇನೆ, ಎಡಗಡೆಯ ಹೂವು ಜಾರುತ್ತಿದೆ. ಒಂದು ಬೆರಳಿನಷ್ಟು ಇಳಿದು ನಿಂತಿತು. ಒಂದು ಎಸಳು ಮಾತ್ರ ಹಿಡಿದುಕೊಂಡಿತ್ತು. ಇದನ್ನು ನಾನು ಕಂಡೆ. ಚಿಕ್ಕವ್ವನ ಕಣ್ಣು ಮುಚ್ಚಿತ್ತು, ಪೂಜಾರಪ್ಪ ಮುಖ ಒರೆಸಿಕೊಳ್ಳುತ್ತಿದ್ದ. ನಾನು ಬೀಸಣಿಗೆಯನ್ನು ಪೂಜಾರಪ್ಪನಿಂದ ಸ್ವಲ್ಪ ಬಲಕ್ಕೆ ತಿರುಗಿಸಿ ಮೂರು ಸಲ ಜೋರಾಗಿ ಬೀಸಿದೆ. ಬಲಗಡೆಯ ಹೂವು ಹಾರಿ ಅಮ್ಮನ ಪಾದಕ್ಕೆ ಬಿತ್ತು.

"ಬಲ ಕೊಟ್ಲು ತಾಯಿ" ಎಂದ ಪೂಜಾರಪ್ಪ. ಚಿಕ್ಕವ್ವ ಹೂವನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. ವಿಜ್ಞಾನದಲ್ಲಿ ನೂರಕ್ಕೆ ಮೂವತ್ತೆಂಟು ತೆಗೆಯುವವನು ಅವತ್ತು ದೇವರನ್ನೇ ಪಾಸು ಮಾಡಿದೆನೆಂದು ಮನೆಯವರೆಗೆ ಶಿಳ್ಳೆ ಹಾಕುತ್ತ ಬಂದೆ.

ಕೇಸು ನಡೆದದ್ದು ಹತ್ತು ತಿಂಗಳು. ಕೋರ್ಟಿನ ಗಡಿಯಾರದಲ್ಲಿ ಅದು ರೆಪ್ಪೆ ಬಡಿದಷ್ಟು. ಹೊನ್ನಾಳಿಗೆ ಬೆಳಿಗ್ಗೆ ಚಿಕ್ಕವ್ವನ ಊರಿಂದ ಇದ್ದದ್ದು ಒಂದೇ ಬಸ್ಸು. ವಾದಿ ಪ್ರತಿವಾದಿ ಎಲ್ಲರೂ ಅದರಲ್ಲೇ. ದೊಡ್ಡಪ್ಪ ಮುಂದಿನ ಸೀಟಿನಲ್ಲಿ ಕಲ್ಲಿನ ಬಸವಣ್ಣನ ಹಾಗೆ ಕೂತರೆ, ಅಕ್ಕತಂಗಿಯರು ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ದೊಡ್ಡವ್ವ ರೊಟ್ಟಿ ಬಡಿದು ತರುತ್ತಿದ್ದಳು, ಚಿಕ್ಕವ್ವ ಹುಚ್ಚೆಳ್ಳು ಚಟ್ನಿಪುಡಿ. ಮಧ್ಯಾಹ್ನ ಕೋರ್ಟಿನ ಅಂಗಳದ ಹೊಂಗೆ ಮರದ ಕೆಳಗೆ ಎರಡು ಗಂಟೂ ಒಟ್ಟಿಗೆ ಬಿಚ್ಚುತ್ತಿದ್ದರು. ದೊಡ್ಡಪ್ಪನಿಗೂ ಒಂದು ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿ ಕಳಿಸುತ್ತಿದ್ದರು. ಯಾರ ಪುಡಿ ಎಂದು ಗೊತ್ತಿದ್ದೂ ಅವರು ತಿನ್ನುತ್ತಿದ್ದರು. ಸಮನ್ಸು ತರುವ ಕೋರ್ಟಿನ ಅಮೀನರು ಒಮ್ಮೆ ನೋಡಿ, "ಇದ್ರಾಗೆ ಯಾರು ಯಾರ ಮ್ಯಾಲೆ ಕೇಸು ಹಾಕಿರಾದು?" ಎಂದು ಕೇಳಿದ್ದರು.

ದೊಡ್ಡವ್ವನ ಸಾಕ್ಷಿ ಇದ್ದ ದಿನ ಬಸ್ಸಿನಲ್ಲಿ ಅವಳು ತಂಗಿಯ ಕೈ ಹಿಡಿದುಕೊಂಡು, "ಇವತ್ತು ಸುಳ್ಳು ಹೇಳ್ಬೇಕು ಕಣೇ. ದಾರಿ ಇರ್ಲಿಲ್ಲ ಅನ್ನು ಅಂತ ಹೇಳ್ಯಾರೆ. ಬೇಜಾರು ಮಾಡ್ಕಬ್ಯಾಡ" ಎಂದಳು.

"ಹೇಳು ಬಿಡಕ್ಕ. ನಮ್ಮ ವಕೀಲ್ರು ನೋಡ್ಕಂತಾರೆ" ಎಂದಳು ಚಿಕ್ಕವ್ವ. ನಾನು ಎದುರು ಸೀಟಿನಲ್ಲಿ ನಗು ತಡೆದುಕೊಂಡೆ. ಸ್ಕೂಲಿಗೆ ಚಕ್ಕರ್ ಹೊಡೆದು ಬಂದಿದ್ದೆ. ನಮ್ಮ ವಕೀಲರ ಗಂಟಲನ್ನು ಕಿವಿಯಾರೆ ಕೇಳಬೇಕಿತ್ತು.

ಕೇಳಿದೆ. ಇನ್ನು ಮುಂದೆ ಎಂಟಾಣೆ ಕಳೆಯಬೇಡಿ.

ದೊಡ್ಡವ್ವ ಕಟಕಟೆಯಲ್ಲಿ ನಿಂತು, ಕಲಿಸಿದ ಹಾಗೆ, ಬಾವಿಗೆ ನಮ್ಮ ಹೊಲದಲ್ಲಿ ಯಾವತ್ತೂ ದಾರಿ ಇರಲಿಲ್ಲ ಎಂದಳು. ಹೊನ್ನಾಳಿ ವಕೀಲರು ಎದ್ದು ಕೋಟು ಸರಿ ಮಾಡಿಕೊಂಡರು.

"ಮದುವೆಯಾದ ಹೊಸದರಲ್ಲಿ ನೀವು ಗಂಡನ ಮನೆ ಬಿಟ್ಟು ಓಡಿಹೋಗಿದ್ದು ನಿಜವೇ?"

ದೊಡ್ಡವ್ವ ಕಟಕಟೆಯ ಕಂಬಿ ಹಿಡಿದುಕೊಂಡಳು.

"ತಾಮ್ರದ ಕೊಡ ಹೊತ್ತುಕೊಂಡು?"

"ತವರಿಗೆ ಹೋಗಿದ್ದೆ" ಎಂದಳು ಮೆಲ್ಲಗೆ.

"ಯಾವ ದಾರಿ ಹಿಡಿದು?"

ಅವಳು ಅದೇ ದಿಗಿಲಿನಲ್ಲಿ, "ಬಾವಿ ದಾರಿ ಹಿಡ್ದು" ಎಂದಳು. ಕೋರ್ಟಿನಲ್ಲಿ ಯಾರೋ ಹೋ ಎಂದರು. ಕೇಸು ಅಲ್ಲಿಗೇ ಮುಗಿದಿತ್ತು. ಇಲ್ಲದ ದಾರಿಯಲ್ಲಿ ನಡೆದವರು ಯಾರೂ ಇಲ್ಲ. ನಮ್ಮ ವಕೀಲರು ಅಲ್ಲಿ ಕೂರಬಹುದಿತ್ತು. ಆದರೆ ರಸ್ತೆಯ ಆಚೆಯ ಹೋಟೆಲಿಗೂ ಕೇಳಿಸಬೇಕಿತ್ತು.

"ಆ ದಾರಿಯಲ್ಲಿ ಗಾಡಿ ಕಟ್ಟಿಕೊಂಡು ಕಾಯುತ್ತಿದ್ದ ಬಳೆಗಾರ ಯಾರು? ನಿಮಗೆ ಎರಡು ಕೈ ತುಂಬ, ಮೊಣಕೈವರೆಗೆ, ಪುಕ್ಕಟೆ ಬಳೆ ತೊಡಿಸಿದನಲ್ಲ, ಯಾಕೆ?"

ಜನ ನಕ್ಕರು. ಊರಿನವರು ಹತ್ತು ಹನ್ನೆರಡು ಮಂದಿ ಇದ್ದರು, ಎಲ್ಲರೂ ನಕ್ಕರು. ನ್ಯಾಯಾಧೀಶರು, ಕೇಸಿಗೆ ಬೇಕಾದದ್ದು ಕೇಳಿ ಎಂದು ಗದರಿದರು. ಅಷ್ಟರಲ್ಲಿ ಕೇಳಿಯಾಗಿತ್ತು. ನನ್ನ ಕಥೆಗೆ ಅಷ್ಟು ಜನ ನಕ್ಕದ್ದು ಅದೇ ಮೊದಲು. ನನಗೆ ಮಾತ್ರ ನಗು ಬರಲಿಲ್ಲ, ಯಾಕೆಂದರೆ ದೊಡ್ಡವ್ವ ವಕೀಲರನ್ನಾಗಲಿ ದೊಡ್ಡಪ್ಪನನ್ನಾಗಲಿ ನೋಡಲಿಲ್ಲ. ನೇರವಾಗಿ ಚಿಕ್ಕವ್ವನನ್ನು ನೋಡಿದಳು. ಆ ಬಳೆಗಾರನ ಸಂಗತಿ, ಅವಳ ಲೆಕ್ಕದಲ್ಲಿ, ಊರಲ್ಲಿ ಅವರಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕಟಕಟೆಯಿಂದ ಇಳಿದವಳು ಹೊಂಗೆ ಮರದ ಕೆಳಗೆ ಬಂದು, ರೊಟ್ಟಿಯ ಗಂಟನ್ನು ಎತ್ತಿಕೊಂಡು, ಬಸ್ ನಿಲ್ದಾಣದ ಕಡೆ ನಡೆದಳು. ಅವತ್ತು ಚಟ್ನಿಪುಡಿ ಕಟ್ಟಿದ ಹಾಗೇ ಮನೆಗೆ ವಾಪಸಾಯಿತು.

ನಾವು ಗೆದ್ದೆವು. ಬೇಲಿ ಕಿತ್ತರು. ಹೊನ್ನಾಳಿ ವಕೀಲರು ನನ್ನ ಬೆನ್ನನ್ನು ಮತ್ತೊಮ್ಮೆ ತಟ್ಟಿದರು. ಆ ವಾರವೇ ದೊಡ್ಡವ್ವ ಆಳು ಕರೆಸಿ ಹಿತ್ತಿಲ ಗೋಡೆಯನ್ನು ಒಂದು ಮೊಳ ಎತ್ತರ ಮಾಡಿಸಿದಳು. ಬಟ್ಟಲು ಇಡುತ್ತಿದ್ದ ಗುಂಡಿ ಹೊಸ ಮಣ್ಣಿನ ಕೆಳಗೆ ಮುಚ್ಚಿಹೋಯಿತು. ಚಿಕ್ಕವ್ವ ಗೆದ್ದ ದಾರಿಯಲ್ಲಿ ಬಾವಿಗೆ ಹೋದರೆ, ದೊಡ್ಡವ್ವ ಅವಳು ವಾಪಸು ಬರುವವರೆಗೆ ಕೊಡ ಹಿಡಿದು ಬಾಗಿಲೊಳಗೆ ನಿಂತಿರುತ್ತಿದ್ದಳು. ಒಂದು ತಿಂಗಳಾದ ಮೇಲೆ ಚಿಕ್ಕವ್ವ ಮತ್ತೆ ಕೆರೆ ಏರಿ ಸುತ್ತಿ ಬರಲು ಶುರು ಮಾಡಿದಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಚನ್ನಗಿರಿಗೆ ಬಂದುಬಿಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ಬಾಯಿಯಿಂದಲೇ ಬದುಕುವವನು ಒಂದು ವಾಕ್ಯಕ್ಕೆ ಎರಡು ವರ್ಷ ತೆಗೆದುಕೊಂಡೆ.

ಬೆಳಿಗ್ಗೆ ತಿಪ್ಪೇಶನ ಅಪ್ಪನನ್ನು ಬಸ್ಸಿಗೆ ಹತ್ತಿಸಲು ಹೋದಾಗ ಅವರು ಮರೆತಿರಲಿಲ್ಲ. "ಹೇಳ್ತೀನಿ ಅಂದಿದ್ಯಲ್ಲಪ್ಪ" ಎಂದರು.

"ನೀವು ಹೇಳೋ ಕಥೆ ಕೇಳಿ ನಗೋ ವಕೀಲ್ರ ಹತ್ರ ಹೋಗಬ್ಯಾಡ್ರಿ. ಇದ್ರಾಗೆ ಎಷ್ಟು ನಿಜ ಅಂತ ಕೇಳೋರ ಹತ್ರ ಹೋಗ್ರಿ."

"ನಮ್ಮ ವಕೀಲ್ರೇ ನಮ್ಮನ್ನ ಹಂಗೆ ಕೇಳಿದ್ರೆ, ಎದುರಿನೋರು ಏನು ಕೇಳ್ಬೇಕಪ್ಪ?" ಎಂದು ಅವರು ನಕ್ಕರು.

"ಯಜಮಾನ್ರೆ, ನಿಮ್ಮಣ್ಣನ್ನ ನೀವು ಬಾಯಿಬಿಟ್ಟು ಕೇಳಿದ್ರಾ?"

ಅವರು ಕಂಬಳಿಯನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡರು. "ಮಾತು ಬಿಟ್ಟು ಎರಡು ವರ್ಷ ಆತು" ಎಂದರು. ಬಸ್ಸು ಹೊರಟಿತು. ಅವರನ್ನು ಕೇಳಿದ ಮಾತು ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿತು. ಶನಿವಾರ ಮಧ್ಯಾಹ್ನ ನಾನು ಹೊನ್ನಾಳಿ ಬಸ್ಸು ಹತ್ತಿದೆ.

ನೇರ ದೊಡ್ಡವ್ವನ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ದೊಡ್ಡವ್ವ, ಆ ಬಳೆಗಾರನ ಮಾತು ವಕೀಲ್ರಿಗೆ ಹೇಳಿದ್ದು ನಾನು. ಚಿಕ್ಕವ್ವ ಅಲ್ಲ."

ಅವಳು ನನ್ನನ್ನು ನೋಡಿ ಸದ್ದಿಲ್ಲದೆ ನಕ್ಕಳು. "ನಿಂಗೆ ಎಲ್ಲಾ ಕಥೆನೂ ನಿಂದೇ ಆಗ್ಬೇಕು ನೋಡು. ಚಿರತೆ ಅಟ್ಟಿಸ್ಕಂಡು ಬಂತು ಅಂತಿದ್ದೆ, ಬಂದಿದ್ದು ಸಿದ್ಲಿಂಗಣ್ಣನ ನಾಯಿ."

"ಇದು ನಿಜ ದೊಡ್ಡವ್ವ."

"ಅದೂ ನಿಜ ಅಂತಾನೇ ಹೇಳಿದ್ದೆ." ತೊಟ್ಟು ಮುರಿಯುತ್ತ ಅವಳು ಮುಂದುವರಿಸಿದಳು. "ನಿಮ್ಮ ಚಿಕ್ಕವ್ವ ಕಲ್ಸಿ ಕಳ್ಸ್ಯಾಳ? ಹೇಳು ಅವ್ಳಿಗೆ. ಅವತ್ತು ಅವ್ಳು ತವರಾಗೆ ಜ್ವರ ಬಂದು ಮಲಗಿ ಅಕ್ಕ ಅಕ್ಕ ಅಂತಾಳೆ ಅಂತ ಯಾರೋ ಬಾವಿತಾವ ಹೇಳಿದ್ರು. ಕೊಡಾನೂ ಇಳಿಸ್ದೆ ನಡ್ದೆ. ಆ ಬಳೆಗಾರ ಅಜ್ಜಗೆ ಹಲ್ಲೇ ಇರ್ಲಿಲ್ಲ. ತವರು ಮುಟ್ಟಿದ್ಮ್ಯಾಲೆ ಒಂದು ಜೊತೆ ಹಸಿರು ಬಳೆ ಅವ್ಳ ಕೈಗೆ ಹಾಕ್ಸಿದೆ, ಆರು ವರ್ಷದ ಕೈ. ಅದು ನಂಗೂ ಅವ್ಳಿಗೂ ಮಾತ್ರ ಗೊತ್ತು. ಆ ಬಳೇನ ಕೋರ್ಟ್ನಾಗೆ ಎರಡು ಕೈ ತುಂಬ ಮಾಡಿಸಿದ್ಲಲ್ಲ."

ನಾನು ಇನ್ನೂ ಏನೇನೋ ಹೇಳಿದೆ. ಆಣೆ ಇಟ್ಟೆ. ಎಷ್ಟು ಹೇಳಿದರೂ ಅದು ನನ್ನ ಇನ್ನೊಂದು ಕಥೆಯ ಹಾಗೇ ಕೇಳಿಸುತ್ತಿತ್ತು, ನನಗೇ.

ಪಕ್ಕದ ಮನೆಯಲ್ಲಿ ಚಿಕ್ಕವ್ವ ಹುಚ್ಚೆಳ್ಳು ಹುರಿಯುತ್ತಿದ್ದಳು. ಅವಳಿಗೂ ಹೇಳಿದೆ, ನಿಂತುಕೊಂಡೇ, ಒಂದೇ ಉಸಿರಿಗೆ.

"ಗೊತ್ತೈತೆ" ಎಂದಳು, ಬಾಣಲೆಯಿಂದ ಕಣ್ಣೆತ್ತದೆ.

"ಯಾವಾಗಿಂದ?"

"ಅವತ್ತೇ. ನಾನು ನಿಂಗೆ ಹೇಳಿದ್ದು ಬಳೆಗಾರ ಅಂತ ಒಂದು ಮಾತು. ಎರಡು ಕೈ ತುಂಬ ಬಳೆ ತೊಡಿಸೋನು ನಮ್ಮನ್ಯಾಗೆ ಇನ್ಯಾರದಾನೆ?"

"ದೊಡ್ಡವ್ವಗೆ ಹೇಳ್ಬೌದಿತ್ತಲ್ಲ ಚಿಕ್ಕವ್ವ."

"ನೀನು ಪರೀಕ್ಷೆಗೆ ಓದ್ತಿದ್ದೆ. ನಿಮ್ಮ ದೊಡ್ಡಪ್ಪನ ಬಾಯಿ ಗೊತ್ತಲ್ಲ, ಊರು ಬಿಡಿಸ್ತಿದ್ರು ನಿನ್ನ."

"ಆಮ್ಯಾಕಾದ್ರೂ?"

"ಆಮ್ಯಾಕೆ ಅವ್ಳು ಗೋಡೆ ಎತ್ತಿಸಿದ್ಲು." ಬಾಣಲೆ ಇಳಿಸಿ ಹುಚ್ಚೆಳ್ಳನ್ನು ಮೊರಕ್ಕೆ ಸುರಿದಳು. ಆಮೇಲೆ, "ಹೋಗ್ಲಿ ಬಿಡು. ಆ ವಕೀಲ್ರನ್ನ ಕೊಟ್ಟಿದ್ದು ಅಮ್ಮ. ಅವ್ಳು ಬಲಕ್ಕೆ ಹೂವು ಕೊಟ್ಮ್ಯಾಲೆ ಯಾರನ್ನ ಬೈಯಾದು?" ಎಂದಳು.

ನಾನು ಬಾಯಿ ತೆರೆದೆ. ಎಡಗಡೆಯ ಹೂವು ಒಂದು ಎಸಳಿನಲ್ಲಿ ನಿಂತದ್ದು, ಬೀಸಣಿಗೆ ತಿರುಗಿದ್ದು, ಎಲ್ಲ ನಾಲಿಗೆಯ ತುದಿಗೆ ಬಂತು. ಅವಳ ಕೈಯಲ್ಲಿ ಉಳಿದಿರುವುದು ಅದೊಂದೇ ಸಮಾಧಾನ ಎಂದು ಕಂಡಿತು. ಮುಚ್ಚಿದೆ. ಅದನ್ನು ಈ ಕಾಗದಕ್ಕೆ ಬಿಟ್ಟರೆ ಇನ್ನೆಲ್ಲೂ ಹೇಳಿಲ್ಲ. ಅವಳಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದಲ್ಲಿ ಇಲ್ಲಿ ಬರೆದಿದ್ದೇನೆ.

ಭಾನುವಾರ ಬೆಳಿಗ್ಗೆ ನಾನು ಹೊರಡುವಾಗ ಚಿಕ್ಕವ್ವ ಚಟ್ನಿಪುಡಿಯ ಎರಡು ಗಂಟು ಕಟ್ಟಿಕೊಟ್ಟಳು. ಒಂದು ನನಗೆ. ಇನ್ನೊಂದು, "ನಿಮ್ಮ ದೊಡ್ಡವ್ವನ ಜಗಲಿ ಮ್ಯಾಲೆ ಇಟ್ಟು ಹೋಗು. ಏನೂ ಮಾತಾಡಬ್ಯಾಡ. ನಿಂಗೆ ಕೈ ಮುಗಿತೀನಿ, ಒಂದು ಮಾತೂ ಆಡಬ್ಯಾಡ" ಎಂದಳು.

ಇಟ್ಟೆ. ದೊಡ್ಡವ್ವ ಕಸಬರಿಗೆ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಗಂಟನ್ನು ನೋಡಿದಳು, ನನ್ನನ್ನು ನೋಡಿದಳು.

"ಏನೋ ಇದು?"

ನಾನು ಗಂಟನ್ನು ಜಗಲಿಯ ಒಳಕ್ಕೆ ಸ್ವಲ್ಪ ಸರಿಸಿದೆ.

"ಅವ್ಳು ಏನಂದ್ಲು?"

ನನ್ನ ಬದುಕಿನಲ್ಲಿ ಅಷ್ಟು ಮಾತು ಒಟ್ಟಿಗೆ ಗಂಟಲಿಗೆ ಬಂದದ್ದಿಲ್ಲ. ತಲೆ ತಗ್ಗಿಸಿ ಬಾವಿ ದಾರಿಯಲ್ಲಿ ನಡೆದೆ. ದಾರಿಯಲ್ಲಿ ಒಬ್ಬರ ಕಾಲಿಗೆ ಆಗುವಷ್ಟು ಬಿಟ್ಟು ಉಳಿದ ಕಡೆಯೆಲ್ಲ ತುಂಬೆ ಗಿಡ ಬೆಳೆದಿತ್ತು. ಬಾವಿಯ ಹತ್ತಿರ ತಿರುಗಿ ನೋಡಿದರೆ ಗಂಟು ಜಗಲಿಯ ಮೇಲೆ ಹಾಗೇ ಇತ್ತು. ದೊಡ್ಡವ್ವ ಅಂಗಳದ ಅಷ್ಟನ್ನೂ ಗುಡಿಸಿ ಮುಗಿಸಿ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.